ಮಹಾಮಾರಿಯ ನಡುವೆ ನಿಂತ ಕುರಿಗಾಹಿ: ಸಂತ ಚಾರ್ಲ್ಸ್ ಬೊರೊಮೆಯೊ

ನವೆಂಬರ್ 4 ಸಂತ ಚಾರ್ಲ್ಸ್ ಬೊರೊಮೆಯೊರವರ ಹಬ್ಬದ ದಿನ. ದೇವಾಲಯದ ಬಾಗಿಲು ಮುಚ್ಚಿದಾಗ ವಿಶ್ವಾಸವನ್ನು ಉಳಿಸಿಕೊಳ್ಳುವ ಬಗೆ ಯಾವುದೆಂದು 2020ರಲ್ಲಿ ನಾವೆಲ್ಲರೂ ಕೇಳಿಕೊಂಡೆವು. ಆ ಪ್ರಶ್ನೆಗೆ ಈ ಸಂತರು ನಾಲ್ಕು ಶತಮಾನಗಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು.

ಇವರು 1538ರಲ್ಲಿ ಇಟಲಿಯ ಅರೋನಾದಲ್ಲಿ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದರು. ಇವರ ಸೋದರಮಾವ ನಾಲ್ಕನೆಯ ಪಯಸ್ ಜಗದ್ಗುರುಗಳಾದಾಗ, ಇಪ್ಪತ್ತೊಂದರ ಪ್ರಾಯದಲ್ಲಿಯೇ ಕಾರ್ಡಿನಲ್ ಪದವಿ ಇವರಿಗೆ ಬಂದಿತು. 1564ರಲ್ಲಿ ಮಿಲಾನ್ ನಗರದ ಮಹಾಧರ್ಮಾಧ್ಯಕ್ಷರಾದರು.

1576ರಲ್ಲಿ ಮಿಲಾನಿಗೆ ಪ್ಲೇಗು ಕಾಲಿಟ್ಟಿತು. ರಾಜ್ಯಪಾಲರೂ ಅನೇಕ ಧನಿಕರೂ ನಗರವನ್ನು ತೊರೆದರು. ಹೊರಗೆ ಹೋಗಿದ್ದ ಚಾರ್ಲ್ಸರಾದರೋ ಸುದ್ದಿ ತಿಳಿದೊಡನೆ ಹಿಂದಿರುಗಿದರು. ರೋಗಿಗಳನ್ನು ಪ್ರತ್ಯೇಕವಾಗಿರಿಸಿದ್ದ ಆಶ್ರಯಧಾಮಕ್ಕೆ ಹೋಗಿ ಸಂಸ್ಕಾರಗಳನ್ನು ನೀಡಿದರು. ತಮ್ಮ ಅರಮನೆಯ ಪರದೆಗಳನ್ನೇ ಹರಿಸಿ ಬಡವರಿಗೆ ಉಡುಪು ಹೊಲಿಸಿದರು.

ಪ್ಲೇಗಿನ ರೋಗಾಣುವನ್ನು ಗುರುತಿಸಿದ್ದು 1894ರಲ್ಲಿ. ಇಲಿಗಳ ಮೈಮೇಲಿನ ಚಿಗಟಗಳು ಅದನ್ನು ಹರಡುತ್ತವೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಸೋಂಕಿತರಿಂದ ದೂರವಿರುವುದೊಂದೇ ಜನರಿಗೆ ಗೊತ್ತಿದ್ದ ರಕ್ಷಣೆ. ಆ ಅಕ್ಟೋಬರಿನಲ್ಲಿ ಚಾರ್ಲ್ಸರು ಬರಿಗಾಲಲ್ಲಿ ಪ್ರಾಯಶ್ಚಿತ್ತದ ಮೆರವಣಿಗೆ ನಡೆಸಿದರು. ಜನ ಸೇರಿದರೆ ರೋಗ ಹೆಚ್ಚೀತೆಂದು ಅಧಿಕಾರಿಗಳು ಅಂಜಿದ್ದರು. ಅವರ ಅಂಜಿಕೆ ಕಾರಣವಿಲ್ಲದ್ದೆಂದು ನಾವಿಂದು ಹೇಳಲಾರೆವು. ಅನಂತರ, ಜನರು ಮನೆಯಿಂದ ಹೊರಬರಬಾರದೆಂಬ ಕಟ್ಟಾಜ್ಞೆ ಹೊರಟಿತು.

ಆಗ ಚಾರ್ಲ್ಸರು ಆಜ್ಞೆಯ ವಿರುದ್ಧ ಹೋರಾಡಲಿಲ್ಲ. ಜನರನ್ನು ಕೈಬಿಡಲೂ ಇಲ್ಲ. ಬೀದಿಗಳು ಕೂಡುವೆಡೆಗಳಲ್ಲಿ ಬಲಿಪೀಠಗಳನ್ನು ಕಟ್ಟಿಸಿದರು. ಜನರು ತಮ್ಮ ಕಿಟಕಿಗಳಲ್ಲಿಯೇ ನಿಂತು ಬಲಿಪೂಜೆಯಲ್ಲಿ ಪಾಲುಗೊಂಡರು. ಗುರುಗಳು ಮನೆಮನೆಯ ಹೊಸ್ತಿಲ ಬಳಿ ಬಂದು ಪಾಪನಿವೇದನೆಯನ್ನು ಆಲಿಸಿದರು. ಗಂಟೆ ಬಾರಿಸಿದಾಗ ಕಿಟಕಿ ಕಿಟಕಿಗಳಿಂದ ಪ್ರಾರ್ಥನೆ ಕೇಳಿಬರುತ್ತಿತ್ತು. ರೋಗಿಗಳನ್ನು ಕಂಡುಬಂದ ಮಹಾಧರ್ಮಾಧ್ಯಕ್ಷರು ತಮ್ಮಿಂದ ಇತರರಿಗೆ ಸೋಂಕು ತಗಲದಂತೆ ಕೈಯಲ್ಲಿ ಕೋಲು ಹಿಡಿದು ಜನರನ್ನು ದೂರ ನಿಲ್ಲಿಸುತ್ತಿದ್ದರು. ತಮ್ಮ ಪ್ರಾಣಕ್ಕೆ ಅಂಜದವರು ಪರರ ಪ್ರಾಣದ ವಿಷಯದಲ್ಲಿ ಎಚ್ಚರ ತಪ್ಪಲಿಲ್ಲ.

ಸಾವಿರಾರು ಮಂದಿಯನ್ನು ಬಲಿತೆಗೆದುಕೊಂಡು 1577ರಲ್ಲಿ ಪಿಡುಗು ಇಳಿಯಿತು. ದುಡಿದು ಬಳಲಿದ ಚಾರ್ಲ್ಸರು 1584ರ ನವೆಂಬರ್ 3ರಂದು, ತಮ್ಮ 46ನೆಯ ವಯಸ್ಸಿನಲ್ಲಿ ದೈವಾಧೀನರಾದರು. 1610ರಲ್ಲಿ ಜಗದ್ಗುರು ಐದನೆಯ ಪೌಲರು ಅವರನ್ನು ಸಂತರ ಪದವಿಗೇರಿಸಿದರು.

ರೋಗಕ್ಕೆ ಮದ್ದು ನೀಡುವುದಷ್ಟೇ ಸೇವೆಯಲ್ಲ. ರೋಗ ನೆರೆಮನೆಗೆ ದಾಟದಂತೆ ನೋಡಿಕೊಳ್ಳುವುದೂ ನೆರೆಯವರ ಮೇಲಿನ ಪ್ರೀತಿಯೇ. ನಮ್ಮ ಮನೆಯ ಮಕ್ಕಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸುವಾಗ, ಕುಡಿಯುವ ನೀರನ್ನು ಕುದಿಸುವಾಗ, ಜ್ವರವಿದ್ದ ದಿನ ಜನಸಂದಣಿಯಿಂದ ದೂರವಿರುವಾಗ ನಾವು ಈ ಸಂತರನ್ನು ಸ್ಮರಿಸೋಣ.