ಇತಿಹಾಸಾಚಾರ್ಯ ಕಾರ್ಟರ್ ವುಡ್ಸನ್ನರು

ಲೋಕದಲ್ಲಿ ಸನ್ಮಾನಕ್ಕೆ ಪಾತ್ರರಾಗುವವರು ಅನೇಕರುಂಟು. ರಣರಂಗದಲ್ಲಿ ಗೆದ್ದ ವೀರನಿಗೆ ಪದಕವು ದೊರೆಯುವುದು. ರಾಜ್ಯಭಾರವನ್ನು ನಡೆಯಿಸಿದ ಮಂತ್ರಿಗೆ ಬಿರುದು ದೊರೆಯುವುದು. ಧನವಂತನ ಹೆಸರು ಕಲ್ಲಿನಲ್ಲಿ ಕೆತ್ತಲ್ಪಡುವುದು. ಆದರೆ ಸಣ್ಣದೊಂದು ಶಾಲೆಯ ಕರಿಹಲಗೆಯ ಮುಂದೆ ನಿಂತು, ಮಕ್ಕಳಿಗೆ ಅವರ ಹಿರಿಯರು ಯಾರು, ಅವರು ಹೇಗೆ ಬಾಳಿದರು, ನಾಡು ಯಾರ ಬೆವರಿನಿಂದ ಬೆಳೆಯಿತು ಎಂಬುದನ್ನು ತಿಳಿಯಹೇಳುವ ಮಾಸ್ತರನ ಕಡೆಗೆ ಜನರ ದೃಷ್ಟಿಯು ಹರಿಯುವುದು ವಿರಳ. ಅವನು ಬಿತ್ತಿದ ಬೀಜವು ಫಲಕ್ಕೆ ಬರುವಷ್ಟರಲ್ಲಿ ಒಂದು ತಲೆಮಾರು ಕಳೆದುಹೋಗಿರುವುದು; ಅವನ ಹೆಸರೂ ಮರೆತಿರುವುದು. ಇಂಥ ಉಪಾಧ್ಯಾಯರನ್ನೂ, ಅವರ ಬೆನ್ನಿಗೆ ನಿಂತ ಸಹಾಯಕರನ್ನೂ ಗುರುತಿಸಿ ಗೌರವಿಸುವುದು ಸಮಾಜವು ತೀರಿಸತಕ್ಕ ಋಣವೇ ಸರಿ. ಆ ಋಣವನ್ನು ಯಾವ ರೀತಿಯಿಂದ ತೀರಿಸಬೇಕೆಂಬುದನ್ನು ತಮ್ಮ ಜೀವಿತದಿಂದಲೇ ತೋರಿಸಿಕೊಟ್ಟ ಮಹನೀಯರೊಬ್ಬರ ಚರಿತ್ರೆಯನ್ನು ಭಕ್ತವೃಂದದ ಅವಗಾಹನೆಗಾಗಿ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ. ಅವರೇ ಅಮೆರಿಕದ ಕಪ್ಪುಜನರ ಇತಿಹಾಸಕ್ಕೆ ಪಿತಾಮಹರೆಂದು ಪ್ರಸಿದ್ಧರಾದ ಡಾಕ್ಟರ್ ಕಾರ್ಟರ್ ಗಾಡ್ವಿನ್ ವುಡ್ಸನ್ನರು.

ವುಡ್ಸನ್ನರು 1875ನೆಯ ಇಸವಿ ಡಿಸೆಂಬರ್ 19ನೆಯ ತಾರೀಖಿನಂದು ವರ್ಜಿನಿಯಾ ಸಂಸ್ಥಾನದ ನ್ಯೂ ಕ್ಯಾಂಟನ್ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಜೇಮ್ಸ್ ಹೆನ್ರಿ ವುಡ್ಸನ್, ತಾಯಿ ಆ್ಯನ್ ಎಲೈಜಾ. ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿ ಬೆಳೆದವರು. 1865ರಲ್ಲಿ ಆ ದೇಶದ ಅಂತರ್ಯುದ್ಧವು ಮುಗಿದು ಗುಲಾಮಗಿರಿಯು ರದ್ದಾಗಿದ್ದಿತಾದರೂ, ಬಿಡುಗಡೆ ಹೊಂದಿದವರಿಗೆ ಬಡತನದ ಬಂಧನವು ತಪ್ಪಿರಲಿಲ್ಲ. ತಂದೆಗೆ ಅಕ್ಷರಜ್ಞಾನವಿರಲಿಲ್ಲ, ಆತ್ಮಗೌರವವು ಮಾತ್ರ ಬೇಕಾದಷ್ಟಿದ್ದಿತು. ಊರಿನ ಶಾಲೆಯು ವರ್ಷದಲ್ಲಿ ಕೆಲವೇ ತಿಂಗಳು ನಡೆಯುತ್ತಿತ್ತು. ಅಲ್ಲಿ ಕಲಿಸುತ್ತಿದ್ದವರು ತಾಯಿಯ ಸೋದರರಾದ ಇಬ್ಬರು ಮಾವಂದಿರು. ಹೊಲದ ಕೆಲಸದಿಂದ ಬಿಡುವಾದಾಗ ಮಾತ್ರ ಬಾಲಕನು ಶಾಲೆಯ ಮುಖವನ್ನು ಕಾಣುತ್ತಿದ್ದನು.

ಪ್ರಾಯಕ್ಕೆ ಬಂದ ಮೇಲೆ ಅವರು ಪಶ್ಚಿಮ ವರ್ಜಿನಿಯಾಕ್ಕೆ ಹೋಗಿ ಕಲ್ಲಿದ್ದಲಿನ ಗಣಿಗಳಲ್ಲಿ ಕೂಲಿಗೆ ನಿಂತರು. ನೆಲದ ಒಡಲಿನ ಆ ಕತ್ತಲೆಯೇ ಅವರ ಮೊದಲನೆಯ ವಿಶ್ವವಿದ್ಯಾಲಯವಾಯಿತೆಂದರೆ ಸೋಜಿಗವೆನಿಸಬಹುದು. ಆಲಿವರ್ ಜೋನ್ಸ್ ಎಂಬ ಕಪ್ಪು ಗಣಿಕಾರ್ಮಿಕನು ಅಂತರ್ಯುದ್ಧದಲ್ಲಿ ಹೋರಾಡಿದವನು, ಓದುಬರಹವನ್ನು ಅರಿಯದವನು. ಆದರೂ ಅವನು ತನ್ನ ಮನೆಯಲ್ಲಿ ಪುಸ್ತಕಗಳನ್ನೂ ವೃತ್ತಪತ್ರಿಕೆಗಳನ್ನೂ ಸಂಗ್ರಹಿಸಿ, ಕೆಲಸ ಮುಗಿಸಿ ಬಂದ ಕೂಲಿಗಳು ಕುಳಿತು ಉಪಾಹಾರ ಮಾಡುವ ಒಂದು ತಾಣವನ್ನು ಏರ್ಪಡಿಸಿದ್ದನು. ತರುಣ ವುಡ್ಸನ್ನರಿಗೆ ಓದಲು ಬರುವುದನ್ನು ತಿಳಿದು, ಪತ್ರಿಕೆಗಳನ್ನು ಎಲ್ಲರಿಗೂ ಓದಿ ಹೇಳಬೇಕೆಂದೂ, ಅದಕ್ಕೆ ಪ್ರತಿಯಾಗಿ ತಿಂಡಿಗೆ ಹಣ ಕೊಡಬೇಕಾಗಿಲ್ಲವೆಂದೂ ಅವನು ಗೊತ್ತುಮಾಡಿದನು. ಯುದ್ಧವನ್ನು ಕಂಡವರೂ ಗುಲಾಮಗಿರಿಯನ್ನು ಅನುಭವಿಸಿದವರೂ ಅಲ್ಲಿ ಕುಳಿತು ಆಡುತ್ತಿದ್ದ ಮಾತುಗಳನ್ನು ವುಡ್ಸನ್ನರು ಕಿವಿಗೊಟ್ಟು ಕೇಳಿದರು. ಯಾವ ಪಠ್ಯಪುಸ್ತಕದಲ್ಲಿಯೂ ಕಾಣದ ಒಂದು ಇತಿಹಾಸವು ಈ ಮುದುಕರ ನಾಲಗೆಯ ಮೇಲೆ ಬದುಕಿರುವುದೆಂದೂ, ಅವರೊಡನೆಯೇ ಅದು ಮಣ್ಣಾಗಬಹುದೆಂದೂ ಅವರ ಮನಸ್ಸಿಗೆ ನಾಟಿತು. ನಿರಕ್ಷರಿಯಾದ ಆ ಜೋನ್ಸನನ್ನು ವುಡ್ಸನ್ನರ ಕಾರ್ಯಕ್ಕೆ ಮೊದಲನೆಯ ಪೋಷಕನೆಂದು ಕರೆದರೆ ತಪ್ಪಾಗಲಾರದು.

1895ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಹಂಟಿಂಗ್ಟನ್ ಪಟ್ಟಣದ ಡಗ್ಲಸ್ ಪ್ರೌಢಶಾಲೆಯನ್ನು ಸೇರಿ, ಎರಡೇ ವರ್ಷಗಳಲ್ಲಿ ಅಲ್ಲಿಯ ವ್ಯಾಸಂಗವನ್ನು ಮುಗಿಸಿದರು. ಬಳಿಕ ಗಣಿಪ್ರದೇಶದ ವಿನೋನಾ ಎಂಬ ಊರಿನಲ್ಲಿ ಕಾರ್ಮಿಕರ ಮಕ್ಕಳಿಗೆ ಉಪಾಧ್ಯಾಯರಾದರು. 1900ರಲ್ಲಿ ತಾವು ಕಲಿತ ಡಗ್ಲಸ್ ಶಾಲೆಗೇ ಮುಖ್ಯೋಪಾಧ್ಯಾಯರಾದರು. ಕಲಿಸುತ್ತಲೇ ತಾವೂ ಕಲಿತು 1903ರಲ್ಲಿ ಕೆಂಟಕಿಯ ಬೆರಿಯಾ ಕಾಲೇಜಿನಿಂದ ಪದವಿಯನ್ನು ಸಂಪಾದಿಸಿದರು. ಬಿಳಿಯರನ್ನೂ ಕರಿಯರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಕಲಿಸುತ್ತಿದ್ದ ವಿದ್ಯಾಲಯವದು. ಮರುವರ್ಷವೇ ಆ ಸಂಸ್ಥಾನದ ಸರಕಾರವು ಅಂಥ ಸಹವಿದ್ಯಾಭ್ಯಾಸವನ್ನು ಕಾಯಿದೆಯಿಂದ ನಿಷೇಧಿಸಿತು.

ಅನಂತರ ಅವರು ಅಮೆರಿಕದ ಆಳ್ವಿಕೆಗೆ ಒಳಪಟ್ಟಿದ್ದ ಫಿಲಿಪ್ಪೀನ್ಸ್ ದ್ವೀಪಗಳಿಗೆ ತೆರಳಿ, 1907ರ ವರೆಗೆ ಅಲ್ಲಿ ಉಪಾಧ್ಯಾಯರೂ ಶಾಲಾ ಮೇಲ್ವಿಚಾರಕರೂ ಆಗಿದ್ದರು. ಅಲ್ಲಿ ಅವರು ಕಂಡ ಒಂದು ಸಂಗತಿಯು ಜೀವಮಾನದ ಪಾಠವಾಯಿತು. ದೊಡ್ಡ ದೊಡ್ಡ ಪದವಿಗಳನ್ನು ಹೊತ್ತು ಬಂದ ಶಿಕ್ಷಕರು ಸೇಬಿನ ಮರವನ್ನು ಕಣ್ಣಿನಿಂದ ಕಾಣದ ಆ ದ್ವೀಪದ ಮಕ್ಕಳಿಗೆ ಸೇಬಿನ ಮರದ ಹಾಡನ್ನೇ ಕಲಿಸುತ್ತಿದ್ದರು; ಪಾಠವು ಮಕ್ಕಳ ತಲೆಗೆ ಹತ್ತುತ್ತಿರಲಿಲ್ಲ. ಶಿಕ್ಷಣಶಾಸ್ತ್ರದಲ್ಲಿ ತರಬೇತಿಯಿಲ್ಲದ ಮತ್ತೊಬ್ಬನು ಬಂದು, ಅದೇ ಹಾಡಿನಲ್ಲಿ ಸೇಬಿನ ಬದಲು ಅವರ ಹಿತ್ತಲಿನಲ್ಲಿಯೇ ಬೆಳೆಯುವ ನೇರಳೆಯ ಮರವನ್ನು ಸೇರಿಸಿದನು. ವಾಷಿಂಗ್ಟನ್ನನ ಕಥೆಯ ಬದಲು ಅವರ ನಾಡಿಗಾಗಿಯೇ ಪ್ರಾಣವನ್ನರ್ಪಿಸಿದ ಹೋಸೆ ರಿಸಾಲನ ಕಥೆಯನ್ನು ಹೇಳಿದನು. ಮಕ್ಕಳ ಕಣ್ಣು ತೆರೆಯಿತು. ತನ್ನವರನ್ನು ಅರಿತ ಮೇಲೆಯೇ ಮಗುವು ಜಗತ್ತನ್ನು ಅರಿಯಬಲ್ಲದೆಂಬ ತತ್ತ್ವವು ವುಡ್ಸನ್ನರಿಗೆ ಅಲ್ಲಿ ಮನದಟ್ಟಾಯಿತು.

ಸ್ವದೇಶಕ್ಕೆ ಹಿಂದಿರುಗಿ 1908ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಎಂ.ಎ. ಪದವಿಯನ್ನೂ, 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನೂ ಪಡೆದರು. ಅಲ್ಲಿ ಇತಿಹಾಸದಲ್ಲಿ ಈ ಪದವಿಯನ್ನು ಹೊಂದಿದ ಕಪ್ಪುಜನರಲ್ಲಿ ಇವರು ಎರಡನೆಯವರು. ಮೊದಲನೆಯವರು ಡಾಕ್ಟರ್ ದು ಬೋಯಿಸ್. ಇಷ್ಟು ದೊಡ್ಡ ವಿದ್ವತ್ತು ಕೈಗೂಡಿದ್ದರೂ ಅವರು 1909ರಿಂದ ಒಂಬತ್ತು ವರ್ಷಗಳ ಕಾಲ ವಾಷಿಂಗ್ಟನ್ ನಗರದ ಶಾಲೆಗಳಲ್ಲಿ ಮಾಸ್ತರಿಕೆ ಮಾಡುತ್ತ, ಬಿಡುವಿನ ವೇಳೆಯನ್ನು ಅಲ್ಲಿಯ ಮಹಾಗ್ರಂಥಾಲಯದಲ್ಲಿ ಕಳೆದರು. ಕಪ್ಪುಜನರಿಗೆ ಹೇಳಿಕೊಳ್ಳತಕ್ಕ ಇತಿಹಾಸವೇ ಇಲ್ಲವೆಂಬುದು ಆ ಕಾಲದ ಅನೇಕ ಪಂಡಿತರ ಅಭಿಪ್ರಾಯವಾಗಿದ್ದಿತು. ಗತಕಾಲವಿಲ್ಲದ ಜನಾಂಗವನ್ನು ಕೀಳಾಗಿ ಕಾಣುವುದು ಸುಲಭ; ಆ ಜನಾಂಗದ ಮಕ್ಕಳೂ ಕ್ರಮೇಣ ತಮ್ಮನ್ನು ತಾವೇ ಕೀಳೆಂದು ನಂಬಿಬಿಡುವರು. ಈ ಮಿಥ್ಯೆಯನ್ನು ವಾಗ್ವಾದದಿಂದ ಅಳಿಸಲಾಗದು, ದಾಖಲೆಗಳಿಂದಲೇ ಅಳಿಸಬೇಕೆಂದು ವುಡ್ಸನ್ನರು ನಿಶ್ಚಯಿಸಿದರು.

1915ನೆಯ ಇಸವಿ ಸಪ್ಟೆಂಬರ್ 9ರಂದು ಶಿಕಾಗೋ ನಗರದಲ್ಲಿ ಕೆಲವೇ ಮಂದಿ ಮಿತ್ರರೊಡನೆ ಕಲೆತು, ಕಪ್ಪುಜನರ ಜೀವನ ಮತ್ತು ಇತಿಹಾಸಗಳ ಅಧ್ಯಯನಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. 1916ರ ಜನವರಿಯಲ್ಲಿ ಸಂಘದ ತ್ರೈಮಾಸಿಕವು ಹೊರಬಿದ್ದಿತು. ಮೊದಲನೆಯ ಸಂಚಿಕೆಯ ವೆಚ್ಚವನ್ನು ಅವರೇ ಹೊತ್ತರು. ಹಳೆಯ ಪತ್ರಗಳು, ದಸ್ತೈವಜುಗಳು, ಜನಗಣತಿಯ ಕಾಗದಗಳು ಒಂದೊಂದಾಗಿ ಬೆಳಕಿಗೆ ಬಂದವು. ಇತರ ಪ್ರಕಾಶಕರು ಇಂಥ ಗ್ರಂಥಗಳನ್ನು ಮುದ್ರಿಸಲು ಹಿಂಜರಿಯುತ್ತಿದ್ದುದರಿಂದ 1921ರಲ್ಲಿ ತಾವೇ ಒಂದು ಪ್ರಕಾಶನ ಸಂಸ್ಥೆಯನ್ನು ತೆರೆದರು. ಅಮೆರಿಕದ ಚರಿತ್ರೆಯಲ್ಲಿ ಕಪ್ಪುಜನರ ಪಾತ್ರವನ್ನು ವಿವರಿಸುವ ಅವರ ಪಠ್ಯಗ್ರಂಥವು 1922ರಲ್ಲಿ ಪ್ರಕಟವಾಗಿ ಶಾಲೆ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದಿತು. ಹೊವರ್ಡ್ ವಿಶ್ವವಿದ್ಯಾಲಯದಲ್ಲಿಯೂ ಪಶ್ಚಿಮ ವರ್ಜಿನಿಯಾದ ಕಾಲೇಜಿನಲ್ಲಿಯೂ ಅವರು ಕೆಲಕಾಲ ಡೀನ್ ಪದವಿಯಲ್ಲಿದ್ದರು. 1922ರಲ್ಲಿ ಆ ಅಧಿಕಾರವನ್ನೆಲ್ಲ ಬಿಟ್ಟು, ಸಂಘದ ಕಾರ್ಯಕ್ಕೇ ತಮ್ಮನ್ನು ಸಂಪೂರ್ಣವಾಗಿ ಅರ್ಪಿಸಿಕೊಂಡರು.

ಸಂಘವು ಹುಟ್ಟಿ ಹತ್ತು ವರ್ಷಗಳು ತುಂಬಿದ ಬಳಿಕ, 1926ರಲ್ಲಿ, ಅವರಿಗೆ ಸ್ಪಿಂಗಾರ್ನ್ ಪದಕವು ದೊರೆಯಿತು. ಪ್ರಾಧ್ಯಾಪಕ ಜೋಯೆಲ್ ಸ್ಪಿಂಗಾರ್ನರು 1914ರಲ್ಲಿ ಏರ್ಪಡಿಸಿದ ಈ ಸುವರ್ಣಪದಕವನ್ನು, ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುವ ರಾಷ್ಟ್ರೀಯ ಸಂಘವು ಆ ಜನಾಂಗದಲ್ಲಿ ಅತ್ಯುತ್ತಮ ಸಾಧನೆಯನ್ನು ಮಾಡಿದವರಿಗೆ ಪ್ರತಿವರ್ಷವೂ ಕೊಡುತ್ತಿದ್ದಿತು. ದಾಖಲೆಗಳನ್ನು ಹುಡುಕಿ ಕಾಪಾಡುವ ಮೌನಕಾರ್ಯವೂ ಸನ್ಮಾನಕ್ಕೆ ಅರ್ಹವೆಂಬುದು ಅಂದು ಸರ್ವರಿಗೂ ಗೋಚರವಾಯಿತು. ಗಣಿಯಲ್ಲಿ ಇದ್ದಲು ಅಗೆದ ಕೈಗೆ ಬಂಗಾರದ ಪದಕವು ಬಂದಿತೆಂದು ಜನರು ಸಂತೋಷಪಟ್ಟಿರಬೇಕು. ಬೇರೆಯವರಾಗಿದ್ದರೆ ಅಲ್ಲಿಗೆ ಧನ್ಯರಾದೆವೆಂದು ವಿಶ್ರಮಿಸುತ್ತಿದ್ದರೇನೋ. ವುಡ್ಸನ್ನರು ಅದೇ 1926ರ ಫೆಬ್ರವರಿಯಲ್ಲಿ ಪದಕಕ್ಕಿಂತ ಬಹುದೂರ ಮುಟ್ಟುವ ಒಂದು ಕಾರ್ಯಕ್ಕೆ ಕೈಹಚ್ಚಿದ್ದರು. ಅದೇ ಕಪ್ಪುಜನರ ಇತಿಹಾಸ ಸಪ್ತಾಹ. ಗುಲಾಮರ ವಿಮೋಚನೆಯನ್ನು ಸಾರಿದ ಲಿಂಕನ್ ಮಹಾಶಯನ ಜನ್ಮದಿನವು ಆ ತಿಂಗಳ 12ನೆಯ ತಾರೀಖು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಮಹಾವಾಗ್ಮಿಯಾದ ಫ್ರೆಡರಿಕ್ ಡಗ್ಲಸನ ಜಯಂತಿಯನ್ನು ಆಚರಿಸುತ್ತಿದ್ದುದು 14ನೆಯ ತಾರೀಖು. ಜನರು ಮೊದಲಿನಿಂದಲೂ ಭಕ್ತಿಯಿಂದ ಆಚರಿಸುತ್ತಿದ್ದ ಈ ಎರಡು ದಿನಗಳನ್ನು ಹಿಡಿದುಕೊಂಡೇ ಅವರು ಸಪ್ತಾಹವನ್ನು ಗೊತ್ತುಪಡಿಸಿದರು. ಒಂದಿಬ್ಬರು ಮಹಾಪುರುಷರ ಸ್ತುತಿಯಲ್ಲಿ ಅದು ಮುಗಿಯದೆ, ಹೆಸರಿಲ್ಲದ ಸಾವಿರಾರು ಜನರ ದುಡಿಮೆಯೂ ಮಕ್ಕಳಿಗೆ ತಿಳಿಯಬೇಕೆಂಬುದು ಅವರ ಆಶಯವಾಗಿದ್ದಿತು.

ಸಪ್ತಾಹವು ಹಬ್ಬಿದುದು ಉಪಾಧ್ಯಾಯರ ಮೂಲಕ. ಉತ್ತರ ಕೆರೊಲಿನಾ, ಡೆಲಾವೇರ್, ಪಶ್ಚಿಮ ವರ್ಜಿನಿಯಾ ಸಂಸ್ಥಾನಗಳ ವಿದ್ಯಾ ಇಲಾಖೆಗಳು ಆರಂಭದಲ್ಲಿಯೇ ಸಹಕರಿಸಿದವು. ಸಂಘವು ಪಾಠದ ಸಾಮಗ್ರಿ, ಚಿತ್ರಪಟ, ಮಕ್ಕಳು ಆಡತಕ್ಕ ನಾಟಕಗಳನ್ನು ಒದಗಿಸುತ್ತಿದ್ದಿತು. ಒಡೆದ ಬೆಂಚು, ಹರಿದ ಪುಸ್ತಕಗಳ ಶಾಲೆಗಳಲ್ಲಿ ಕಲಿಸುತ್ತಿದ್ದ ಬಡ ಶಿಕ್ಷಕಿಯರು ಈ ಸಾಮಗ್ರಿಯನ್ನು ಜೋಪಾನವಾಗಿ ಬಳಸಿದರು. ಅಂಥವರಿಗಾಗಿಯೇ 1937ರ ಅಕ್ಟೋಬರಿನಿಂದ ಸುಲಭಶೈಲಿಯ ಒಂದು ಪತ್ರಿಕೆಯೂ ಪ್ರಾರಂಭವಾಯಿತು. ಇದಕ್ಕೆ ನಾಲ್ಕು ವರ್ಷಗಳ ಹಿಂದೆ, 1933ರಲ್ಲಿ, ಕಪ್ಪುಜನರಿಗೆ ದೊರೆಯುತ್ತಿದ್ದ ವಿಪರೀತಶಿಕ್ಷಣವನ್ನು ವಿಮರ್ಶಿಸುವ ಅವರ ಪ್ರಸಿದ್ಧ ಗ್ರಂಥವು ಹೊರಬಂದಿದ್ದಿತು.

ಪೋಷಕರ ವಿಷಯದಲ್ಲಿ ವುಡ್ಸನ್ನರ ನಡತೆಯು ಚಿಂತನೀಯವಾದದ್ದು. ಜೂಲಿಯಸ್ ರೋಸೆನ್‌ವಾಲ್ಡರಂಥ ಉದಾರಿಗಳೂ, ಕಾರ್ನೆಗಿ ಮತ್ತು ರಾಕ್‌ಫೆಲರರ ನಿಧಿಗಳೂ ಮೊದಮೊದಲು ಸಂಘಕ್ಕೆ ನೆರವಾದವು. ಮುಂದೆ ಸಂಘವನ್ನು ಒಂದು ಕಾಲೇಜಿಗೆ ಅಧೀನಗೊಳಿಸಬೇಕೆಂಬ ಒತ್ತಾಯವು ಬಂದಿತು. ಸ್ವಾತಂತ್ರ್ಯವನ್ನು ಮಾರಿ ಹಣವನ್ನು ಕೊಳ್ಳಲು ಅವರು ಒಪ್ಪಲಿಲ್ಲ. ದೊಡ್ಡ ಧನಸಹಾಯವು ನಿಂತಿತು. ಆಗ ಕೈಹಿಡಿದವರು ಸಾಮಾನ್ಯರು. ಅಲ್ಪ ಸಂಬಳದ ಶಿಕ್ಷಕಿಯರು, ಚರ್ಚಿನ ಸಭೆಗಳು, ಮಹಿಳಾ ಸಂಘಗಳು ತಮ್ಮ ಪುಡಿಕಾಸುಗಳನ್ನು ಕೂಡಿಸಿ ಕಳುಹಿಸಿದವು. 1936ರಲ್ಲಿ ವಿಖ್ಯಾತ ಶಿಕ್ಷಕಿ ಮೇರಿ ಮಕ್‌ಲಿಯೊಡ್ ಬೆಥೂನರು ಸಂಘದ ಅಧ್ಯಕ್ಷಿಣಿಯಾದರು. ಸಿರಿವಂತನ ಸಾವಿರಕ್ಕಿಂತ ಬಡವರ ಬಿಡಿಕಾಸುಗಳೇ ಸಂಘವನ್ನು ಸ್ಥಿರಗೊಳಿಸಿದವು. ಏಕೆಂದರೆ ಕೊಟ್ಟವರೆಲ್ಲರೂ ಅದು ತಮ್ಮದೇ ಎಂದು ಭಾವಿಸಿದರು.

ವುಡ್ಸನ್ನರು ವಿವಾಹವಾಗಲಿಲ್ಲ. ವಾಷಿಂಗ್ಟನ್ನಿನ ಒಂಬತ್ತನೆಯ ಬೀದಿಯಲ್ಲಿ ಕೊಂಡ ಮನೆಯ ಕೆಳಗಿನ ಭಾಗವೇ ಸಂಘದ ಕಚೇರಿ. ಮೇಲಂತಸ್ತೇ ಅವರ ವಾಸ. ಅವರ ಸ್ವಭಾವವು ಕಠಿಣವೆಂದೂ, ಜೊತೆಗಾರರೊಡನೆ ಹೊಂದಿಕೊಳ್ಳುವುದು ಅವರಿಗೆ ಪ್ರಯಾಸವಾಗುತ್ತಿತ್ತೆಂದೂ ಬಲ್ಲವರು ಬರೆದಿರುವರು. ಆದರೆ ಆ ಕಾಠಿಣ್ಯವನ್ನು ಅವರು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡಿದ್ದರು. 1950ನೆಯ ಇಸವಿ ಏಪ್ರಿಲ್ 3ರಂದು ಅದೇ ಮನೆಯಲ್ಲಿ, 74ನೆಯ ವಯಸ್ಸಿನಲ್ಲಿ, ಅವರು ದೇಹವನ್ನು ಬಿಟ್ಟರು.

ಅವರ ಕಾಲಾನಂತರ ಸನ್ಮಾನಗಳು ಒಂದರ ಹಿಂದೊಂದು ಬಂದವು. 1976ರಲ್ಲಿ ಸಪ್ತಾಹವು ಒಂದು ತಿಂಗಳಾಗಿ ಬೆಳೆದು ರಾಷ್ಟ್ರಾಧ್ಯಕ್ಷರ ಮನ್ನಣೆಯನ್ನು ಪಡೆಯಿತು. 1984ರಲ್ಲಿ ಅವರ ಚಿತ್ರದ ಅಂಚೆಚೀಟಿಯು ಹೊರಟಿತು. ಅವರಿದ್ದ ಮನೆಯು ರಾಷ್ಟ್ರೀಯ ಸ್ಮಾರಕವಾಯಿತು. ಇವೆಲ್ಲಕ್ಕಿಂತ ಅರ್ಥವತ್ತಾದ ಗೌರವವು ಇನ್ನೊಂದುಂಟು. ಇತಿಹಾಸ, ಭೂಗೋಳ, ಪೌರನೀತಿಗಳನ್ನು ಒಳಗೊಂಡ ಸಮಾಜಶಿಕ್ಷಣದ ಉಪಾಧ್ಯಾಯರಿಗಾಗಿ ಆ ದೇಶದಲ್ಲಿ 1921ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಂಡಳಿಯೊಂದಿದೆ. ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ತರಗತಿಗಳಲ್ಲಿ ಉತ್ಕೃಷ್ಟವಾಗಿ ಕಲಿಸಿದವರನ್ನು ಆಯ್ದು ಗೌರವಿಸುವ ಪದ್ಧತಿಯನ್ನು ಅದು ಇಟ್ಟುಕೊಂಡಿದೆ. ಅದೇ ಮಂಡಳಿಯು 1974ರಿಂದ ವುಡ್ಸನ್ನರ ಹೆಸರಿನಲ್ಲಿ ಒಂದು ಪಾರಿತೋಷಕವನ್ನು, ದೇಶದ ಅಲ್ಪಸಂಖ್ಯಾತ ಜನವರ್ಗಗಳ ಬಾಳನ್ನು ಸತ್ಯವಾಗಿ ಚಿತ್ರಿಸುವ ಬಾಲಗ್ರಂಥಗಳಿಗೆ ಕೊಡುತ್ತ ಬಂದಿದೆ. ಗಣಿಯಲ್ಲಿ ಇತರರಿಗೆ ಓದಿ ಹೇಳಿದ ಹುಡುಗನ ಹೆಸರು ಹೀಗೆ ಮಕ್ಕಳ ಕೈಯಲ್ಲಿರುವ ಪುಸ್ತಕದ ಮೇಲೆ ಬಂದು ನಿಂತಿತು.

ಮಹಾಜನರೇ, ಪದಕವು ಪೆಟ್ಟಿಗೆಯನ್ನು ಸೇರುವುದು, ಶಾಲು ಸವೆಯುವುದು, ಹೂಮಾಲೆಯು ಸಂಜೆಗೆ ಬಾಡುವುದು. ಆದರೂ ಅವನ್ನು ಅರ್ಪಿಸಬೇಕು. ಅರ್ಪಿಸುವ ಹೊತ್ತಿನಲ್ಲಿ, ಈ ವಿದ್ಯೆಯು ನಮಗೆ ಬೇಕಾದದ್ದೆಂದು ಊರೆಲ್ಲವೂ ಕೂಡಿ ಒಪ್ಪಿಕೊಂಡಂತಾಗುವುದು. ಹಾಗೆ ಒಪ್ಪಿಕೊಂಡ ಮೇಲೆ ಆ ಗುರುವಿನ ಶಾಲೆಗೆ ಪುಸ್ತಕಗಳನ್ನು ಕೊಡಿಸುವುದು, ಅವನ ಪಾಠಕ್ಕೆ ನಮ್ಮ ಮಕ್ಕಳನ್ನು ತಪ್ಪದೆ ಕಳುಹಿಸುವುದು, ಮನೆಯ ಹಿರಿಯರ ನೆನಪುಗಳನ್ನು ಕೇಳಿ ಬರೆದಿಡುವುದು ನಮ್ಮ ಪಾಲಿನ ಕರ್ತವ್ಯವಾಗಿ ಉಳಿಯುವುದು. ಓದು ಬಾರದ ಆಲಿವರ್ ಜೋನ್ಸನು ಒಬ್ಬ ತರುಣನ ಕೈಗೆ ಪತ್ರಿಕೆಯನ್ನು ಕೊಟ್ಟು ಓದಿಸಿದ ಫಲವು ಒಂದು ಜನಾಂಗಕ್ಕೇ ದೊರೆಯಿತು. ಅಷ್ಟನ್ನು ಮಾಡುವ ಶಕ್ತಿಯು ನಮ್ಮಲ್ಲಿ ಯಾರಿಗೆ ತಾನೇ ಇಲ್ಲ?