ಕೆಲಸಗಾರನ ಪರ ನಿಂತ ಲೆಕ್ಕದ ಮೇಷ್ಟ್ರು ಡೆಮಿಂಗ್

ಮಾಲು ಕೆಟ್ಟರೆ ಮೊದಲು ಬೈಸಿಕೊಳ್ಳೋದು ಕೆಲಸದ ಹುಡುಗ. ಆ ಬೈಗುಳದಲ್ಲಿ ಹೆಚ್ಚಿನ ಪಾಲು ಮಾಲೀಕನಿಗೇ ಸೇರಬೇಕು ಅಂತ ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಪ್ರೊಫೆಸರ್ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್.

1900ರ ಅಕ್ಟೋಬರ್ 14ರಂದು ಅಯೋವಾದ ಸೂ ಸಿಟಿಯಲ್ಲಿ ಹುಟ್ಟಿದ ಅವರು ಬೆಳೆದಿದ್ದು ವಯೋಮಿಂಗ್‌ನಲ್ಲಿ, ಬಡತನದಲ್ಲಿ. ಎಂಜಿನಿಯರಿಂಗ್ ಓದಿ, 1928ರಲ್ಲಿ ಯೇಲ್ ವಿವಿಯಿಂದ ಡಾಕ್ಟರೇಟ್ ಪಡೆದರು. ಕೃಷಿ ಇಲಾಖೆ, ಜನಗಣತಿ ಇಲಾಖೆಯಲ್ಲಿ ದುಡಿದು 1946ರಲ್ಲಿ ನ್ಯೂಯಾರ್ಕ್ ವಿವಿಯ ಬಿಸಿನೆಸ್ ಶಾಲೆಗೆ ಸಂಖ್ಯಾಶಾಸ್ತ್ರದ ಮೇಷ್ಟ್ರಾದರು. ಸಾಯುವ ವರ್ಷದವರೆಗೂ ಪಾಠ ಬಿಡಲಿಲ್ಲ.

ಅವರ ಮಣಿ ಆಟ ಬಹಳ ಹೆಸರುವಾಸಿ. ಡಬ್ಬಿಯಲ್ಲಿ ಬಿಳಿ ಮಣಿ ಜಾಸ್ತಿ, ಐದರಲ್ಲೊಂದು ಕೆಂಪು. 50 ಗುಳಿಯ ಹಲಗೆಯನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಬಿಳಿ ಬಂದರೆ ಒಳ್ಳೇ ಮಾಲು, ಕೆಂಪು ಬಂದರೆ ಕೆಟ್ಟದ್ದು. ಸಭೆಯಿಂದಲೇ ಕೆಲವರನ್ನು ಕರೆದು ಕೆಲಸಗಾರರನ್ನಾಗಿ ಮಾಡೋರು. ಕೆಂಪು ಕಮ್ಮಿ ಬಂದವನಿಗೆ ಶಭಾಷ್‌ಗಿರಿ, ಜಾಸ್ತಿ ಬಂದವನಿಗೆ ಗದರಿಕೆ, ಕೊನೆಗೆ ಕೆಲಸದಿಂದಲೇ ವಜಾ. ಜನ ನಗೋರು. ಆದರೆ ಡಬ್ಬಿಯಲ್ಲೇ ಕೆಂಪು ತುಂಬಿಟ್ಟವರು ಯಾರು? ಕೈ ಹಾಕಿದವನಂತೂ ಅಲ್ಲ. ನಕ್ಕ ಮ್ಯಾನೇಜರ್‌ಗಳು ಫ್ಯಾಕ್ಟರಿಗೆ ಹೋಗಿ ಮಾಡ್ತಿದ್ದದ್ದೂ ಇದನ್ನೇ.

ಅಮೆರಿಕದ ಕಂಪನಿಗಳು ಕಿವಿಗೊಡಲಿಲ್ಲ. ಯುದ್ಧ ಗೆದ್ದ ದೇಶ, ಮಾಡಿದ್ದೆಲ್ಲಾ ಮಾರಾಟವಾಗ್ತಿತ್ತು. ಕೇಳಿಸಿಕೊಂಡಿದ್ದು ಸೋತ ಜಪಾನ್. 1950ರಲ್ಲಿ ಅಲ್ಲಿನ ವಿಜ್ಞಾನಿ, ಎಂಜಿನಿಯರ್‌ಗಳ ಒಕ್ಕೂಟ ಅವರನ್ನು ಕರೆಸಿ ಪಾಠ ಹೇಳಿಸಿತು. ದೊಡ್ಡ ಕಂಪನಿಗಳ ಮುಖ್ಯಸ್ಥರೇ ಕೂತು ಕೇಳಿದರು. ಮಾಲು ತಯಾರಾದ ಮೇಲೆ ಕೆಟ್ಟದ್ದನ್ನು ಆರಿಸೋದಲ್ಲ, ಕೆಡದ ಹಾಗೆ ಕೆಲಸದ ರೀತಿಯನ್ನೇ ಸರಿಮಾಡಬೇಕು ಅನ್ನೋದು ಪಾಠದ ತಿರುಳು. ಆ ಉಪನ್ಯಾಸಗಳ ಪುಸ್ತಕದಿಂದ ಬಂದ ದುಡ್ಡನ್ನೂ ಡೆಮಿಂಗ್ ಮುಟ್ಟಲಿಲ್ಲ. ಅದನ್ನು ಸೇರಿಸಿಯೇ 1951ರಲ್ಲಿ ಅವರ ಹೆಸರಿನ ಪ್ರಶಸ್ತಿ ಶುರುವಾಯಿತು. 2002ರಲ್ಲಿ ಅದು ಟಿವಿಎಸ್ ಮೋಟಾರ್‌ಗೂ ಬಂತು. ಸಂತೆ ದಿನ ಮೂಟೆ ಹೇರಿಕೊಂಡು ಓಡಾಡುವ ಎಕ್ಸೆಲ್ ಗಾಡಿ ಆ ಕಂಪನಿಯದ್ದೇ.

ಸ್ವಂತ ದೇಶ ಗುರುತಿಸುವಾಗ ಅವರಿಗೆ 79 ವರ್ಷ. ಜಪಾನ್ ಕಾರುಗಳು ಅಮೆರಿಕದ ಮಾರುಕಟ್ಟೆಗೆ ನುಗ್ಗಿದ್ದವು. 1980ರ ಜೂನ್‌ನಲ್ಲಿ ಎನ್‌ಬಿಸಿ ಟಿವಿ ಅವರನ್ನು ತೋರಿಸಿತು. ಆಮೇಲೆ ಫೋರ್ಡ್ ಕಂಪನಿಯೇ ಹುಡುಕಿಕೊಂಡು ಬಂತು. ಅಷ್ಟು ಹೊತ್ತಿಗೆ ಮೂವತ್ತು ವರ್ಷ ಕಳೆದುಹೋಗಿತ್ತು.

ಅಲ್ಲಿಂದ ಹತ್ತಾರು ವರ್ಷ ನಾಲ್ಕು ದಿನಗಳ ಶಿಬಿರ ನಡೆಸುತ್ತಾ ಊರೂರು ಸುತ್ತಿದರು. 1993ರ ಡಿಸೆಂಬರ್ 20ರಂದು ವಾಷಿಂಗ್ಟನ್‌ನ ಮನೆಯಲ್ಲಿ ತೀರಿಕೊಂಡರು. ಕೊನೆಯ ಶಿಬಿರ ಮುಗಿದಿದ್ದು ಅದೇ ತಿಂಗಳಲ್ಲಿ.