ಗೇಣುದ್ದದ ಗುದ್ದು: ಜೋ ಲೂಯಿಸನ ಬದುಕು

ಬಾಕ್ಸಿಂಗ್ ಅಂದ ಕೂಡಲೇ ನಿಮ್ಮ ಬಾಯಿಗೆ ಮೊದಲು ಬರೋ ಹೆಸರು ಮುಹಮ್ಮದ್ ಅಲಿ, ಇಲ್ಲಾ ಮೈಕ್ ಟೈಸನ್. ಅದು ಸರಿನೇ ಐತಿ. ಆದರೆ ಅಲಿ ಹುಟ್ಟೋದಕ್ಕಿಂತ ಮೊದಲೇ ಜಗತ್ತಿನ ಹೆವಿವೇಟ್ ಪಟ್ಟ ಗೆದ್ದು, ಅದನ್ನ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಹಿಡಿದ ಒಬ್ಬ ಕಪ್ಪು ಮನುಷ್ಯ ಇದ್ದ. ಹೆಸರು ಜೋ ಲೂಯಿಸ್. ಅವನ ಕಥೆಯನ್ನ ಒಮ್ಮೆ ಕೇಳ್ರಿ.

ಕುಸ್ತಿ ಪೈಲ್ವಾನರಿಗೆ ಒಂದೊಂದು ಪಟ್ಟು ಕೈಹತ್ತಿರತದಲ್ಲ, ಹಂಗ ದೊಡ್ಡ ಬಾಕ್ಸರುಗಳಿಗೆ ಒಂದೊಂದು ಗುದ್ದು. ಸೋನಿ ಲಿಸ್ಟನ್‌ಗೆ ಉದ್ದ ಎಡಗೈಯಿಂದ ನೇರ ಚುಚ್ಚುವ ಜ್ಯಾಬ್. ಜೋ ಫ್ರೇಜಿಯರ್‌ಗೆ ಪಕ್ಕದಿಂದ ತಿರುಗಿ ಬರುವ ಎಡಗೈ ಹುಕ್. 1971ರಲ್ಲಿ ಅಲಿಯನ್ನ ಹದಿನೈದನೇ ರೌಂಡಿನಲ್ಲಿ ನೆಲಕ್ಕೆ ಹಾಕಿದ್ದು ಅದೇ. ರಾಕಿ ಮಾರ್ಸಿಯಾನೋ ಬಲಗೈಯನ್ನ ಹಿಂದಿನಿಂದ ಎತ್ತಿ, ಮೇಲಿಂದ ಬೀಸಿ ಹೊಡೀತಿದ್ದ. ಜೋ ಲೂಯಿಸನ ಹೊಡೆತ ಇವೆಲ್ಲಕ್ಕಿಂತ ಬೇರೆ. ಅವನ ಬಲಗೈ ಗುದ್ದು ಬೀಸಿ ಬರ್ತಿರಲಿಲ್ಲ. ಎಡಗೈ ಜ್ಯಾಬಿನಿಂದ ದಾರಿ ಮಾಡಿಕೊಂಡು, ಅದರ ಬೆನ್ನಿಗೇ ಗೇಣುದ್ದ ದೂರದಿಂದ ನೆಟ್ಟಗೆ ಬೀಳ್ತಿತ್ತು. ನೋಡೋರಿಗೆ ಕೈ ಅಲ್ಲಾಡಿದ್ದೇ ಕಾಣ್ತಿರಲಿಲ್ಲ, ಎದುರಿನವ ಬಿದ್ದಿರ್ತಿದ್ದ.

ಅಷ್ಟು ಸಣ್ಣ ಹೊಡೆತಕ್ಕೆ ಅಷ್ಟು ಬಲ ಎಲ್ಲಿಂದ ಬಂತು? ಕಾಲಿನಿಂದ. ಅದನ್ನ ಕಲಿಸಿದವನು ಜ್ಯಾಕ್ ಬ್ಲ್ಯಾಕ್‌ಬರ್ನ್ ಅನ್ನೋ ಗುರು. ಅವನೂ ಕಪ್ಪು ಬಾಕ್ಸರ್. ಕಾಲು ಸರಿಯಾಗಿ ಊರದೆ ಕೈ ಎತ್ತಬಾರದು, ಸೊಂಟ ತಿರುಗಿದಾಗ ಕೈ ತಾನಾಗೇ ಹೋಗಬೇಕು ಅನ್ನೋದೇ ಅವನ ಪಾಠ.

ಜೋ ಹುಟ್ಟಿದ್ದು 1914ರ ಮೇ 13ರಂದು, ಅಮೆರಿಕದ ಅಲಬಾಮಾ ರಾಜ್ಯದಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವನು. ಮನೆಯವರು ಬೇರೆಯವರ ಹೊಲವನ್ನ ಪಾಲಿಗೆ ಮಾಡೋರು, ಗುಲಾಮರ ವಂಶದವರು. ತಂದೆ ಹುಚ್ಚಾಸ್ಪತ್ರೆ ಸೇರಿದ. 1926ರಲ್ಲಿ ತಾಯಿ ಲಿಲ್ಲಿಯ ಸಂಸಾರ ಉತ್ತರದ ಡೆಟ್ರಾಯಿಟ್ ಶಹರಕ್ಕೆ ಗುಳೆ ಹೋಯ್ತು. ಮಗ ಪಿಟೀಲು ಕಲೀಲಿ ಅಂತ ತಾಯಿ ಕೊಟ್ಟ ರೊಕ್ಕವನ್ನ ಹುಡುಗ ಬಾಕ್ಸಿಂಗ್ ತಾಲೀಮಿಗೆ ಕಟ್ಟಿದ. 1934ರಲ್ಲಿ ಹಣಕ್ಕಾಗಿ ಆಡೋ ಬಾಕ್ಸರ್ ಆದ.

ಅವನಿಗಿಂತ ಮೊದಲು ಜ್ಯಾಕ್ ಜಾನ್ಸನ್ ಅನ್ನೋ ಕಪ್ಪು ವೀರ 1908ರಿಂದ 1915ರವರೆಗೆ ಚಾಂಪಿಯನ್ ಆಗಿದ್ದ. ಅವನು ಯಾರಿಗೂ ತಲೆಬಾಗದೆ ಬದುಕಿದ್ದನ್ನ ಬಿಳಿಯರು ಸಹಿಸಲಿಲ್ಲ. ಆಮೇಲೆ 22 ವರ್ಷ ಯಾವ ಕಪ್ಪು ಬಾಕ್ಸರನಿಗೂ ಆ ಪಟ್ಟದ ಆಟಕ್ಕೆ ಅವಕಾಶನೇ ಕೊಡಲಿಲ್ಲ. ಅದಕ್ಕೇ ಜೋ ಲೂಯಿಸನ ಮ್ಯಾನೇಜರರು ಅವನಿಗೆ ಕಟ್ಟುಪಾಡು ಹಾಕಿದರು: ಬಿದ್ದವನ ಮುಂದೆ ಹಿಗ್ಗಬಾರದು, ಬಿಳಿ ಹೆಂಗಸಿನ ಜೊತೆ ಫೋಟೋ ತೆಗೆಸಿಕೊಳ್ಳಬಾರದು. ನೀವೇ ವಿಚಾರ ಮಾಡ್ರಿ. ಗೆದ್ದರೆ ಸಾಲದು, ಗೆದ್ದಮೇಲೆ ನಗೋದಕ್ಕೂ ಲೆಕ್ಕ!

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನನ್ನ ಹನ್ನೆರಡನೇ ರೌಂಡಿನಲ್ಲಿ ಕೆಡವಿದ. ಶ್ಮೆಲಿಂಗ್ ಅವನ ಆಟವನ್ನ ಕಣ್ಣಿಟ್ಟು ಅಭ್ಯಾಸ ಮಾಡಿದ್ದ. ಜ್ಯಾಬ್ ಹೊಡೆದ ಮೇಲೆ ಜೋ ಎಡಗೈಯನ್ನ ಸ್ವಲ್ಪ ಕೆಳಗೆ ಬಿಡ್ತಾನೆ, ಆಗ ಕೆನ್ನೆ ಬಯಲಾಗ್ತದೆ ಅನ್ನೋದು ಅವನಿಗೆ ಗೊತ್ತಾಗಿತ್ತು. ಆ ಸಂದಿನಲ್ಲೇ ಬಲಗೈ ಇಳಿಸಿದ. ಇದು ಬಿಳಿ ಜನಾಂಗದ ಗೆಲುವು ಅಂತ ನಾಜಿಗಳು ಡಂಗುರ ಹೊಡೆದರು. ಜೋ ನೆಪ ಹೇಳಲಿಲ್ಲ, ತಪ್ಪು ತಿದ್ದಿಕೊಂಡ. ಮರುವರ್ಷ ಶಿಕಾಗೋದಲ್ಲಿ ಜೇಮ್ಸ್ ಬ್ರ್ಯಾಡಕ್‌ನನ್ನ ಎಂಟನೇ ರೌಂಡಿನಲ್ಲಿ ಮಲಗಿಸಿ ಜಗತ್ತಿನ ಚಾಂಪಿಯನ್ ಆದ.

1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಮತ್ತೆ ಶ್ಮೆಲಿಂಗ್ ಎದುರಾದ. ಸುಮಾರು 70,000 ಜನ ನೆರೆದಿದ್ದರು, ಕೋಟಿಗಟ್ಟಲೆ ಜನ ರೇಡಿಯೋ ಮುಂದೆ ಕೂತಿದ್ದರು. ಆಟ ನಡೆದದ್ದು 2 ನಿಮಿಷ 4 ಸೆಕೆಂಡು ಮಾತ್ರ. ಮೂರು ಸಲ ಶ್ಮೆಲಿಂಗ್ ನೆಲ ಕಂಡ. ಕಪ್ಪು ಜನರ ಕೇರಿಗಳಲ್ಲಿ ಆ ರಾತ್ರಿ ಜನ ಬೀದಿಗಿಳಿದು ಕುಣಿದರು. ಇನ್ನೊಂದು ಮಾತೂ ಹೇಳಬೇಕು: ಶ್ಮೆಲಿಂಗ್ ನಾಜಿ ಪಕ್ಷ ಸೇರಲಿಲ್ಲ, ಅದೇ ವರ್ಷ ಇಬ್ಬರು ಯಹೂದಿ ಹುಡುಗರನ್ನ ಬಚ್ಚಿಟ್ಟು ಕಾಪಾಡಿದ. ಮುಂದೆ ಇಬ್ಬರೂ ಗೆಳೆಯರಾದರು.

1942ರಲ್ಲಿ ಜೋ ಸೈನ್ಯ ಸೇರಿದ. ಅದೇ ವರ್ಷದ ಎರಡು ಆಟಗಳ ಗಳಿಕೆಯನ್ನ ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗೆ ಕೊಟ್ಟ. ಆಗ ಆ ನೌಕಾಪಡೆಯಲ್ಲಿ ಕಪ್ಪು ಜನರಿಗೆ ಸಿಗ್ತಿದ್ದ ಕೆಲಸ ಅಡುಗೆ, ಬಡಿಸೋದು ಅಷ್ಟೇ. ಕಪ್ಪು ಸೈನಿಕರನ್ನ ಅಧಿಕಾರಿ ತರಬೇತಿಗೆ ತಗೊಳ್ಳದಿದ್ದಾಗ ತನ್ನ ಹೆಸರಿನ ಬಲದಿಂದ ಬಾಗಿಲು ತೆಗೆಸಿದ. ಹಾಗೆ ಒಳಗೆ ಹೋದವರಲ್ಲಿ ಮುಂದೆ ಬೇಸ್‌ಬಾಲ್ ಆಟದ ಬಣ್ಣದ ಗೋಡೆ ಒಡೆದ ಜ್ಯಾಕಿ ರಾಬಿನ್‌ಸನ್ ಒಬ್ಬ.

25 ಸಲ ಪಟ್ಟ ಉಳಿಸಿಕೊಂಡು 1949ರಲ್ಲಿ ನಿವೃತ್ತನಾದ. ಆದರೆ ಗಳಿಕೆಯ ದೊಡ್ಡ ಪಾಲು ಬೇರೆಯವರ ಕೈಸೇರಿತ್ತು, ಅವನ ಕೈಯೂ ಧಾರಾಳ. ಸರ್ಕಾರ ತೆರಿಗೆ ಬಾಕಿ ಕೇಳಿತು. ಬಡ್ಡಿ ಸೇರಿ ಅದು ಹತ್ತು ಲಕ್ಷ ಡಾಲರ್ ದಾಟಿತು. ಸಾಲಕ್ಕಾಗಿ ಮತ್ತೆ ರಿಂಗಿಗೆ ಇಳಿದ. 1951ರಲ್ಲಿ, 37ನೇ ವಯಸ್ಸಿನಲ್ಲಿ, ಮಾರ್ಸಿಯಾನೋನ ಗುದ್ದಿಗೆ ಹಗ್ಗದ ಆಚೆ ಬಿದ್ದ. ಆಮೇಲೆ ದುಡ್ಡಿಗಾಗಿ ಕುಸ್ತಿ ಆಡಿದ, ಕೊನೆಗೆ ಲಾಸ್ ವೇಗಸ್‌ನ ಜೂಜಿನ ಹೋಟೆಲಿನಲ್ಲಿ ಬಂದವರಿಗೆ ಕೈಕುಲುಕೋ ಕೆಲಸ ಮಾಡಿದ. 1981ರ ಏಪ್ರಿಲ್ 12ರಂದು ತೀರಿಕೊಂಡ. ಸೈನಿಕ ಗೌರವದಿಂದ ಆರ್ಲಿಂಗ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಖರ್ಚಿಗೆ ಕೈಹಚ್ಚಿದವರಲ್ಲಿ ಶ್ಮೆಲಿಂಗ್ ಕೂಡ ಇದ್ದ. ಡೆಟ್ರಾಯಿಟ್ ಶಹರದಲ್ಲಿ ಇವತ್ತಿಗೂ ಅವನ ನೆನಪಿಗೆ 24 ಅಡಿ ಉದ್ದದ ಕಂಚಿನ ತೋಳು, ಬಿಗಿದ ಮುಷ್ಟಿ ತೂಗ್ತಾ ಐತಿ.

ತಮ್ಮಂದಿರೇ, ತಂಗಿಯರೇ, ಈ ಬದುಕಿನಿಂದ ಎರಡು ಮಾತು ಕಟ್ಟಿಕೊಳ್ರಿ. ಸೋತಾಗ ನಿಮ್ಮ ಎಡಗೈ ಎಲ್ಲಿ ಕೆಳಗಿಳಿದಿತ್ತು ಅಂತ ಹುಡುಕ್ರಿ; ಅದು ಗೊತ್ತಾದರೆ ಎರಡನೇ ಆಟ ನಿಮ್ಮದೇ. ಗೆದ್ದಾಗ ನಿಮ್ಮ ದುಡಿಮೆಯ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ. ನಿಮ್ಮ ಮುಷ್ಟಿಗೆ ಚಪ್ಪಾಳೆ ಹೊಡೆಯೋರೆಲ್ಲ ನಿಮ್ಮ ಮನೆಯ ಸಾಲಕ್ಕೆ ಬರೋದಿಲ್ಲ.